ಬರಿಗೈ

ಎರಡು ದಿನ ಬಟ್ಟೆ ಬೇರೆ ಒಗೀರಿ,
ಕೈಗೆ ಗ್ಲೌಸ್ ಇರಲಿ,
ಕಕ್ಕಸಿಗೆ ಎರಡೆರಡು ಬಕೆಟ್ ನೀರು ಹುಯ್ಯಿರಿ
ಅಂದಿದ್ದರು ನರ್ಸಮ್ಮ.

ಮೂವತ್ತು ವರ್ಷ ಕುದಿವ ನೀರಿಗೆ ಬರಿಗೈ ಇಟ್ಟವನು ನಾನು,
ಗೂಡಿನ ಎಳೆ ಹುಡುಕಿ ಬೆರಳು ಬೆಂದು ಬಿಳಿಚಿದವನು.
ಈಗ ನಿನ್ನ ನೈಟಿ ಹಿಂಡಲು
ನೀಲಿ ಗ್ಲೌಸು, ಒಳಗೆಲ್ಲ ಬೆವರು.
ಬಾಗಿಲಿಗೆ ಒರಗಿ ನಗುತ್ತೀಯ:
"ಮದುವೆ ದಿನವೂ ಇಷ್ಟು ನಾಚಿರಲಿಲ್ಲ ಕಣಯ್ಯಾ ಈ ಕೈ."

ಹುಳ ಬೇಯುವ ವಾಸನೆಗೆ ನಿನಗೆ ಓಕರಿಕೆ.
ಶಿಡ್ಲಘಟ್ಟದ ಗಾಳಿಗೆ ಎಲ್ಲಿಂದ ತರಲಿ ಮುಚ್ಚಳ?
ನಮ್ಮ ಒಲೆ ಆರಿಸಿದೆ.
ಪಕ್ಕದ ಅಮಾನುಲ್ಲಾ, ಯಾರೂ ಕೇಳದೆಯೇ,
ನಿನ್ನ ಡೋಸಿನ ವಾರ
ನೀನು ಮಲಗಿದ ಮೇಲೆ ಬಾಣಲೆ ಹಚ್ಚುತ್ತಾನೆ.

ಸ್ಟೀಲ್ ಚಮಚ ತುಕ್ಕು ನೆಕ್ಕಿದಂಗೈತೆ ಅಂದೆ.
ಮರದ ಸೌಟಲ್ಲಿ ರಾಗಿ ಗಂಜಿ.
ಖಾರವಿಲ್ಲ, ಹಸಿ ಕೊತ್ತಂಬರಿಯಿಲ್ಲ,
ಉಪ್ಪು ಕೂಡ ಹುಣ್ಣಿಗೆ ಉರಿ.
ಅರ್ಧ ಲೋಟ ಕುಡಿದದ್ದನ್ನು
ಕ್ಯಾಲೆಂಡರಿನಲ್ಲಿ ಬರೆದೆ, ಹಾಲಿನ ಲೆಕ್ಕದ ಪಕ್ಕ.

ಬೆಳಿಗ್ಗೆ ದಿಂಬಿನ ಮೇಲೆ ಕೂದಲುಂಡೆ.
ಎಸೆಯಬೇಕಿತ್ತು.
ಕೈ ತನ್ನಷ್ಟಕ್ಕೆ ತಾನೇ
ತುದಿ ಹುಡುಕುತ್ತಾ ಕೂತಿತ್ತು.

"ಬಟ್ಟೆ ಆಯ್ತಲ್ಲ, ಗ್ಲೌಸು ಕಳಚಿ
ಸೋಪು ಹಾಕ್ಕೊಂಡು ಕೈ ತೊಳ್ಕೊ, ಬಾ.
ನನ್ನ ಮುಟ್ಟಬೇಡ ಅಂತ ಯಾರೂ ಅಂದಿಲ್ಲ,"
ಜೋಮು ಹಿಡಿದ ಪಾದ
ಮುಂದಕ್ಕೆ ಚಾಚುತ್ತೀಯ.