ಲ್ಲ

ಅಕ್ಷರಕ್ಕೆ ಹದಿನೈದು ರೂಪಾಯಿ,
ಒತ್ತಿದ್ದರೆ ಇಪ್ಪತ್ತು.
ಜ್ಞಾನಕ್ಕೆಂದು ಬೇರೆ ದರ ಇಟ್ಟಿಲ್ಲ.

ತೋರಣಗಲ್ಲಿನ ರೈಲ್ವೆ ಗೇಟಿಗೆ ಬೆನ್ನು ಮಾಡಿ
ನನ್ನ ರೇಡಿಯಂ ಅಂಗಡಿ.
ಅಪ್ಪ ಅಳಿಲ ಕೂದಲ ಬ್ರಷ್ಷು ಹಿಡಿದು
ಒಂದು ವಾಕ್ಯಕ್ಕೆ ಒಂದು ಮಧ್ಯಾಹ್ನ ಕೊಡುತ್ತಿದ್ದ,
ನನ್ನ ಮಷೀನು ಕೊಡುವುದು ನಲವತ್ತು ಸೆಕೆಂಡು.

ಯಾರು ಹೇಳಿದ್ದೋ, ಯಾವ ಮರದ ಕೆಳಗೋ,
ಯಾವ ರಣದಲ್ಲೋ, ಯಾವ ಗುಹೆಯ ಕತ್ತಲಲ್ಲೋ,
ಎಷ್ಟು ವರ್ಷ ಬಾಯಿ ಕಟ್ಟಿ ಕೂತ ಮೇಲೆ ಬಂದ ಮಾತೋ,
ನನ್ನ ಹತ್ತಿರ ಬರುವುದು ಮೊಬೈಲಿನಲ್ಲಿ,
ಕೆಳಗೆ ಗುಲಾಬಿ, ಮೇಲೆ ಶುಭೋದಯ.

ಸಿಟ್ಟಿನ ಬಗ್ಗೆ ಸಂತರೊಬ್ಬರು ಹೇಳಿದ್ದನ್ನು
ಜಿಮ್ಮಿನ ಹುಡುಗರು ಒಯ್ದರು,
‘ಸಿಟ್ಟು’ ಅಂತ ಮಾತ್ರ ಸಾಕಂತೆ, ದೊಡ್ಡದಾಗಿ.
ದೇಹ ನಿಲ್ಲುವುದಲ್ಲ ಎಂಬುದು ನನ್ನ ಭಾವಮೈದನ
ಮಟನ್ ಅಂಗಡಿ ಮೇಲಿದೆ,
ತಮಾಷೆಗಲ್ಲ, ಅವನಿಗೆ ನಿಜಕ್ಕೂ ಹಿಡಿಸಿತ್ತು.
ಕಪ್ಪು ಕನ್ನಡಕದ ಹೀರೋ ಒಬ್ಬ
ಫಲ ಬೇಡ ಅಂತ ತೆರೆ ಮೇಲೆ ಅಂದದ್ದೇ ಸೈ,
ಆ ವಾರ ಹನ್ನೊಂದು ಆಟೋ.

ರುದ್ರಮುನಿ ಮೇಷ್ಟ್ರು ಕೊಡೆ ಮಡಿಚಿ ಓದಿದರು.
‘ಇದು ಅವರು ಹೇಳಿದ್ದಲ್ಲ ಹೊನ್ನೂರಸಾಬ,
ಯಾವ ಹೊತ್ತಿಗೆಯಲ್ಲೂ ಇಲ್ಲ.’
‘ಹಂಗಾರ ಯಾರು ಹೇಳಿದ್ದು ಸರ್?’
ಮೇಷ್ಟ್ರು ಭಾಳ ಹೊತ್ತು ಸುಮ್ಮನೆ ನಿಂತರು.
ಹೋಗುವಾಗ ತಮ್ಮ ಸ್ಕೂಟಿಗೂ ಅದನ್ನೇ ಹಾಕಿಸಿದರು,
ಸಣ್ಣ ಅಕ್ಷರದಲ್ಲಿ.

ಆಮೇಲೆ ಅದಿರಿನ ಲಾರಿಗಳು.
ಧಣಿಯ ಆರ್ಡರು, ಆರು ಗಾಡಿಗೂ ಒಂದೇ ಮಾತು,
ಹಿಂದಿನ ಹಲಗೆಗೆ, ಹಳದಿಯಲ್ಲಿ:
ಇದೆಲ್ಲ ನಿನ್ನದಲ್ಲ.
ಏಳು ಅಕ್ಷರ, ಮೂರಕ್ಕೆ ಒತ್ತು,
ಗಾಡಿಗೆ ನೂರಿಪ್ಪತ್ತು.
ತಾಡಪಾಲಿನ ಕೆಳಗೆ ಸಂಡೂರಿನ ಗುಡ್ಡ
ಮೂವತ್ತು ಮೂವತ್ತು ಟನ್ನಾಗಿ ಹೋಗುತ್ತಿತ್ತು
ಆ ಮಾತನ್ನು ಬೆನ್ನಿಗೆ ಕಟ್ಟಿಕೊಂಡು.
ನಾನು ನಗಲಿಲ್ಲ. ಅಡ್ವಾನ್ಸ್ ಕೊಟ್ಟಿದ್ದರು.

ನಾಲ್ಕು ತಿಂಗಳಿಗೆ ಒಂದು ಗಾಡಿ ತಿರುಗಿ ಬಂತು.
ಕೆಂಧೂಳು ತಿಂದು, ರಿವರ್ಸಿನಲ್ಲಿ ಗೋಡೆಗೆ ಒರೆಸಿ
ಕೊನೆಯ ಅಕ್ಷರ ಉದುರಿತ್ತು.
ಇದೆಲ್ಲ ನಿನ್ನದ.
ನಮ್ಮ ಕಡೆ ಮಾತಿನಲ್ಲಿ
ಅದು ಪೂರ್ತಿ ವಾಕ್ಯ.

ಧಣಿ ಫೋನಿನಲ್ಲಿ ಒದರಿದರು, ಇವತ್ತೇ ಅಂಟಿಸು.
‘ಲ್ಲ’ ಕತ್ತರಿಸಿದೆ, ಇಪ್ಪತ್ತು ರೂಪಾಯಿ,
ಹಿಂದಿನ ಕಾಗದ ಬಿಡಿಸಿ ಬೆರಳ ತುದಿಗೆ ಹಿಡಿದೆ.
ಅಷ್ಟರಲ್ಲಿ ಡ್ರೈವರ್ ಗಾದಿಲಿಂಗ
ಬಾಟಲಿ ನೀರಿಗೆ ಮುಖ ತೊಳೆದು ಹಿಂದೆ ಬಂದು ನಿಂತ.
ಹನ್ನೆರಡು ವರ್ಷದ ಸ್ಟೇರಿಂಗು,
ಗಾಡಿಯ ಯಾವ ಕಾಗದದಲ್ಲೂ ಅವನ ಹೆಸರಿಲ್ಲ.
ಓದುವುದು ನಿಧಾನ, ಅಕ್ಷರಕ್ಕೊಂದು ಉಸಿರು.
‘ಇ ದೆ ಲ್ಲ.
ನಿ ನ್ನ ದ.’
ಎಡಕ್ಕೆ ನೋಡಿದ, ಬಲಕ್ಕೆ ನೋಡಿದ.
ಚಿಮಣಿ. ಅರ್ಧ ಗುಡ್ಡ. ಮಿರ್ಚಿ ಬಂಡಿ. ನಾನು.

‘ಒಂದ್ ಟ್ರಿಪ್ ಹಿಂಗಽ ಹೋಗಿ ಬರ್ತೀನಿ ಹೊನ್ನೂರ,
ಆಮ್ಯಾಲ ಅಂಟಿಸು’ ಅಂದ.
ಧಣಿಗೆ ಏನು ಹೇಳಲಿ ಅಂತ ನಾನು ಕೇಳುವುದರೊಳಗೆ
ಗೇಟು ದಾಟಿತ್ತು ಗಾಡಿ,
ಎಂದೂ ಇಲ್ಲದ ಹಾರನ್ನು.

ರಾತ್ರಿ ಅನ್ನ ಬಡಿಸುತ್ತ ಮೌಲಾಬಿ ಕೇಳಿದಳು,
ಮೊಣಕೈಗೆ ಅದೇನು ಹಳದಿ?
ನೋಡಿದರೆ ಅದೇ.
ಬಿಡಿಸಿದೆ, ಎಲ್ಲಿಡುವುದು ತಿಳಿಯದೆ
ಅಕ್ಕಿ ಡಬ್ಬಿಯ ಮೇಲೆ ಒತ್ತಿದೆ.
‘ಅಲ್ಲಿ ಬ್ಯಾಡ’ ಅಂದಳು, ‘ಅಕ್ಕಿ ಇಲ್ಲ ಅಂತ ಓದ್ಯಾರು.’
ಉಗುರಿನಿಂದ ಎಬ್ಬಿಸಿ ತಾನೇ ಒಯ್ದು
ಬಾಗಿಲ ಹಿಂದೆ, ಕ್ಯಾಲೆಂಡರಿನ ಮೊಳೆಗೆ
ಸಿಕ್ಕಿಸಿದಳು.

ಬಂದರಿನ ಟ್ರಿಪ್ಪು ಅಂದರೆ ಮೂರು ದಿನ.
ಇವತ್ತಿಗೆ ಐದು.
ಗಾದಿಲಿಂಗ ಇನ್ನೂ ಬಂದಿಲ್ಲ.