ಹತ್ತನೆಯ ದಿನದ ಎಣಿಕೆ

ಶಾಲೆ ತೆರೆದ ಹತ್ತನೆಯ ದಿನ ನಾವು ತಲೆ ಎಣಿಸುತ್ತೇವೆ.
ಇಲಾಖೆಯ ಕಟ್ಟಳೆ. ತಲೆಗೆ ತಕ್ಕ ಹುದ್ದೆ.
ಲುಸಿಕಿಸಿಕಿಯಿಂದ ನಸುಕಿಗೇ ಹೊರಟು
ಸೇತುವೆ ಕೊಚ್ಚಿಹೋದಲ್ಲಿ ಬಕ್ಕಿ ನಿಲ್ಲಿಸಿ
ಬೂಟು ಒಂದು ಕೈಲಿ, ಫೈಲು ಇನ್ನೊಂದರಲ್ಲಿ,
ಹೊಳೆಗಲ್ಲುಗಳ ಮೇಲೆ ಏಡಿಯ ಹಾಗೆ ದಾಟಿದೆ.
ಹನ್ನೊಂದು ವರ್ಷದ ನೌಕರಿಯಲ್ಲಿ ಇದೊಂದನ್ನು ಕಲಿತಿಲ್ಲ.

ನೂರ ಎಪ್ಪತ್ತಾರು ಮಕ್ಕಳಿದ್ದರೆ ಆರು ಮಂದಿ ಮೇಷ್ಟ್ರು.
ನೂರ ಎಪ್ಪತ್ತೈದಕ್ಕೆ ಐದು.
ಹೆಡ್‌ಮಿಸ್ಟ್ರೆಸ್ಸಿಗೆ ಇದು ಗೊತ್ತು, ಅಡುಗೆಯವಳಿಗೂ ಗೊತ್ತು;
ಮೂರನೆಯ ತರಗತಿಯ ವುಯೊಲ್ವೆತು ಮಾತ್ರ
ಗೊತ್ತಿಲ್ಲದವನ ಹಾಗೆ ಮಗ್ಗಿ ಬರೆಯುತ್ತಿದ್ದ,
ಕೊನೆಗೆ ಬಂದವನು, ಮೊದಲು ಹೊರಡಬೇಕಾದವನು.
'ಹೆಚ್ಚುವರಿ' ಅನ್ನುತ್ತೇವೆ ನಮ್ಮ ಕಾಗದದಲ್ಲಿ,
ಪಾತ್ರೆಯ ತಳದಲ್ಲಿ ಮಿಕ್ಕಿದ್ದಕ್ಕೆ ಅಂದ ಹಾಗೆ.

ಎಣಿಸಿದೆ. ಒಂದೊಂದೇ ತಲೆ ಮುಟ್ಟಿ ಎಣಿಸಿದೆ.
ನೂರ ಎಪ್ಪತ್ತಾರು.
ಹೆಡ್‌ಮಿಸ್ಟ್ರೆಸ್ಸು ಉಸಿರು ಬಿಟ್ಟದ್ದು ನನ್ನ ಕತ್ತಿಗೆ ತಾಕಿತು.
ಆಮೇಲೆ ಪಟ್ಟಿ ತೆಗೆದೆ.

ಕಿಟಕಿಯ ಪಕ್ಕದವನು, ಯಾಮ್ಕೆಲಾ,
ಪಟ್ಟಿಯಲ್ಲಿಲ್ಲ. ಜನನ ಪತ್ರವಿಲ್ಲ.
ತಾಯಿ ರುಸ್ಟೆನ್‌ಬರ್ಗಿನ ಗಣಿಯ ಕಡೆ ಹೋದವಳು ಮರಳಲಿಲ್ಲ,
ಅಜ್ಜಿ ಗೃಹ ಇಲಾಖೆಯ ಸಾಲಿನಲ್ಲಿ ನಾಲ್ಕು ಸಲ ನಿಂತಳು,
ನಾಲ್ಕನೆಯ ಸಲ ಕರೆಂಟಿರಲಿಲ್ಲ.
ನಮ್ಮ ಮಾತಿನಲ್ಲಿ ಅವನ ಹೆಸರಿಗೆ 'ಒಪ್ಪಿಕೋ' ಎಂದರ್ಥ.
ಕಂಪ್ಯೂಟರಿಗೆ ನಮ್ಮ ಮಾತು ಬಾರದು.

ಬೋರ್ಡು ಕಾಣದ ಹುಡುಗ. ವುಯೊಲ್ವೆತು
ಜೋಳದ ಹಿಟ್ಟಿನ ಚೀಲ ಬಿಡಿಸಿ, ಅದರ ಒಳಮೈಯಲ್ಲಿ
ಅಂಗೈಯಗಲದ ಅಕ್ಷರ ಬರೆದು ಅವನ ಡೆಸ್ಕಿಗೆ ಅಂಟಿಸಿದ್ದಾನೆ.
ಕಣ್ಣಿನ ತಪಾಸಣೆಗೆ ನಮೂನೆ ತುಂಬಿ ಕಳಿಸಿದ್ದ, ಎರಡು ಸಲ.
ಬಂದದ್ದು ನನ್ನ ಮೇಜಿಗೇ.
ಗುರುತಿನ ಸಂಖ್ಯೆಯ ಜಾಗ ಖಾಲಿ ಇತ್ತು. ಹಿಂದಿರುಗಿಸಿದ್ದೆ.

ಮಧ್ಯಾಹ್ನ ಬೀನ್ಸು, ಜೋಳದ ನುಚ್ಚು. ಕೂತು ತಿಂದೆ, ಹಸಿದಿದ್ದೆ.
ಊಟ ಬರುವುದೂ ಪಟ್ಟಿಯ ಲೆಕ್ಕಕ್ಕೇ ಎಂದು
ತಟ್ಟೆ ತೊಳೆಯುವಾಗ ನೆನಪಾಯಿತು;
ಅಡುಗೆಯವಳು ತನ್ನ ಪಾಲನ್ನೇ ಅವನಿಗೆ ಬಡಿಸುತ್ತಾಳಂತೆ ದಿನವೂ.
ಇವತ್ತು ನಾನು ತಿಂದದ್ದು ಯಾರದ್ದು, ಕೇಳಲಿಲ್ಲ.

ನೂರ ಎಪ್ಪತ್ತೈದು ಎಂದು ಬರೆದು ಸಹಿ ಹಾಕಿದೆ.
ಷರಾ ಎಂಬ ಇಕ್ಕಟ್ಟು ಕಾಲಮ್ಮಿನಲ್ಲಿ
'ಕಿಟಕಿಯ ಪಕ್ಕ ಒಬ್ಬ ಹುಡುಗ ಕೂತಿದ್ದಾನೆ' ಎಂದು ಸೇರಿಸಿದೆ.
ನಾಳೆ ಇದನ್ನು ಕಂಪ್ಯೂಟರಿಗೆ ಏರಿಸುವವಳೂ ನಾನೇ.
ಅಲ್ಲಿ ಷರಾ ಇಲ್ಲ.

ಹೊರಡುವಾಗ ವುಯೊಲ್ವೆತು ಸೀಮೆಸುಣ್ಣದ ಕೈ ಒರೆಸಿಕೊಂಡು
'ಆ ಕಣ್ಣಿನ ನಮೂನೆ, ಮೇಡಂ...' ಎಂದ.
ತನ್ನ ಬಗ್ಗೆ ಏನೂ ಕೇಳಲಿಲ್ಲ.

ಹೊಳೆ ದಾಟಿಸಲು ಕಳಿಸಿದ್ದು ಆ ಹುಡುಗನನ್ನೇ.
ಕಣ್ಣಿಗೆ ಕಾಣದಿದ್ದರೇನು, ಕಾಲಿಗೆ ಗೊತ್ತು ಎಂದರು.
ಫೈಲು ಅವನ ತಲೆಯ ಮೇಲೆ; ಅದರೊಳಗೆ ಅವನಿಲ್ಲದ ಪಟ್ಟಿ.
ಕುನ್ಯೆ, ಕುಬಿನಿ, ಕುತಾತು,
ಜೋರಾಗಿ ಎಣಿಸುತ್ತ ಕಲ್ಲಿಂದ ಕಲ್ಲಿಗೆ ನಡೆದ.
ಎಂಟರಲ್ಲಿ ನಿಂತು, ನನ್ನ ದನಿಯಿದ್ದ ಕಡೆ ಮುಖ ಮಾಡಿ ಹೇಳಿದ:
'ಒಂಬತ್ತನೆಯದು ಇಲ್ಲ. ಸೇತುವೆಯ ಜೊತೆಗೇ ಹೋಯಿತು.
ಆದರೂ ಎಣಿಸಬೇಕು.
ಎಣಿಸದಿದ್ದರೆ ಬೀಳ್ತೀರಿ.'

ಎಣಿಸಿದೆ. ಹಾರಿದೆ.
ಒಂದು ಕಾಲು ನೆನೆಯಿತು.