ಗೋಲಿ ಎಲ್ಲಿ ಕೂರಬೇಕು

ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ
ಟ್ರ್ಯಾಕ್ಟರಿನ ಬುಷ್ಷು ತಿರುವುವ ಲೇತಿನ ಬಾಯಲ್ಲಿ
ಈಗ ಕಡಲೆಕಾಳಿನಷ್ಟು ಹಿತ್ತಾಳೆ.
ಮನೆಯಲ್ಲೇ ಸೋಡಾ ಮಾಡುವ ಮೆಷಿನ್ನಿಗೆ ವಾಲ್ವು.
ಒತ್ತಿದರೆ ತೆರೆಯಬೇಕು, ಬಿಟ್ಟರೆ ಮುಚ್ಚಬೇಕು.
ಇಷ್ಟೇ ಕೆಲಸ.
ಇಷ್ಟೇ ಕೆಲಸಕ್ಕೆ ನನಗೆ ಏಳು ತಿಂಗಳು.

ಮೊದಲನೆಯದು ತೆರೆಯಿತು, ಮುಚ್ಚಲಿಲ್ಲ.
ಸಿಲಿಂಡರು ಮೂರು ನಿಮಿಷದಲ್ಲಿ ಬರಿದು.
ಮೂತಿಗೆ ಬಿಳಿ ಹಿಮ ಕಟ್ಟಿ, ಮುಟ್ಟಿದ ಬೆರಳು ಅಂಟಿ,
ಏಪ್ರಿಲ್ ಮಧ್ಯಾಹ್ನದ ಆ ಬೇಗೆಯಲ್ಲಿ
ನನಗೆ ಚಳಿ ಸುಟ್ಟ ಗಾಯ.

ಎರಡನೆಯದರ ರಬ್ಬರ್ ಬಳೆ
ಗ್ಯಾಸು ಕುಡಿದು ಕುಡಿದು ಊದಿಕೊಂಡು
ಒತ್ತಡ ಇಳಿದಾಗ ಒಳಗಿಂದಲೇ ಸೀಳಿತು.
ಹೊರಗೆ ನೋಡಿದರೆ ಒಂದು ಗೆರೆಯೂ ಇಲ್ಲ.

ಮೂರನೆಯದಕ್ಕೆ ಗಟ್ಟಿ ಸ್ಪ್ರಿಂಗು ಹಾಕಿದೆ.
ದುರ್ಗಿಗುಡಿಯ ಸುಕನ್ಯಾ ಮೇಡಂ ಎರಡೂ ಕೈಯಲ್ಲಿ ಒತ್ತಿ ಸೋತು
"ಇದಕ್ಕಿಂತ ಒರಳೇ ವಾಸಿ ಕಣಮ್ಮ" ಅಂದರು.

ಲಿಗೋರಿ ಮೇಸ್ತ್ರಿ ನೋಡುತ್ತಿದ್ದರು. ಹೆಚ್ಚು ಮಾತಿನವರಲ್ಲ.
ಎಡಗಿವಿ ಪೂರಾ ಮಂಕು, ಬಲಗಿವಿ ಅರ್ಧ.
ಲೀಕು ಹುಡುಕಲು ನಾವು ಕಿವಿಯಿಟ್ಟರೆ
ಅವರು ಕೆಳತುಟಿ ಒದ್ದೆ ಮಾಡಿ ಹತ್ತಿರ ತರುತ್ತಾರೆ,
ಮಗುವಿನ ಗಂಜಿಯ ಬಿಸಿ ನೋಡುವವರ ಹಾಗೆ.
"ಇಲ್ಲಿ" ಎನ್ನುತ್ತಾರೆ.
ಸೋಪಿನ ನೊರೆ ಹಚ್ಚಿದರೆ, ಹೌದು, ಅಲ್ಲೇ,
ಸಾಸಿವೆಯಷ್ಟು ಗುಳ್ಳೆ.

ಒಂದು ಸೋಮವಾರ ಚೀಲದಿಂದ ಗೋಲಿಸೋಡಾ ತೆಗೆದರು.
ಹಸಿರು ಗಾಜು, ಹಿಸುಕಿದಂಥ ಕತ್ತು.
ಹುಡುಗನಾಗಿದ್ದಾಗ ಭದ್ರಾವತಿಯ ಸೋಡಾ ಫ್ಯಾಕ್ಟರಿಯಲ್ಲಿ
ಇಂಥವನ್ನು ಚಕ್ರಕ್ಕೆ ಕಟ್ಟಿ ತಿರುಗಿಸುತ್ತಿದ್ದರಂತೆ.
"ಸ್ಪ್ರಿಂಗ್ ಎಲ್ಲಿದೆ, ತೋರಿಸು."
ಇಲ್ಲ.
"ಮತ್ತೆ ಮುಚ್ಚಿದ್ದು ಯಾರು?"
ಗ್ಯಾಸು.
"ಹೊರಗೆ ಹೋಗ್ಬೇಕು ಅನ್ನೋದೇ ಬಾಗಿಲು ಹಾಕ್ಕೊಂಡು ಕೂತಿದೆ ನೋಡು.
ನೂಕಿದಷ್ಟೂ ಬಿಗಿ."

ಆ ರಾತ್ರಿ ಚಿತ್ರವೆಲ್ಲ ಅಳಿಸಿದೆ.
ಅಷ್ಟು ದಿನ ಗ್ಯಾಸಿಗೆ ಎದುರು ಸ್ಪ್ರಿಂಗನ್ನು ನಿಲ್ಲಿಸಿ
ಇಬ್ಬರಿಗೂ ಜಗಳ ಹಚ್ಚಿದ್ದೆ.
ಈಗ ತಲೆಕೆಳಗು. ಮುಚ್ಚುವುದು ಗ್ಯಾಸಿನದೇ ಪಾಡು,
ಸ್ಪ್ರಿಂಗು ಬರೀ ನೆನಪಿಸಲಿಕ್ಕೆ.
ತೂತು ಸೂಜಿಯಷ್ಟು ಕಿರಿದು,
ಮೇಡಂ ಒಂದೇ ಬೆರಳಲ್ಲಿ ಗೆಲ್ಲಲೆಂದು.
ಪಿನ್ನು ಎರಡು ಕೂದಲಷ್ಟು ಗಿಡ್ಡ. ಬಳೆಗೆ ಬೇರೆ ರಬ್ಬರು.
ಮುಚ್ಚಿತು.
ತುಟಿ ತಂದ ಮೇಸ್ತ್ರಿ ಏನೂ ಅನ್ನಲಿಲ್ಲ.

ಆದರೆ ಬಾಟಲಿಗೆ ಇನ್ನೊಂದು ವಾಲ್ವು ಬೇಕಲ್ಲ,
ಹೆಚ್ಚಾದದ್ದನ್ನು ಬಿಡುವುದಕ್ಕೆ.
ಎಷ್ಟಕ್ಕೆ ಬಿಡಲಿ ಅಂತ ಕೇಳಿದೆ. ಎಂಟು ಬಾರ್? ಹತ್ತು?
ಮೇಸ್ತ್ರಿ ಕ್ಯಾಲಿಪರ್ ಒರೆಸಿದರು. ಇನ್ನೂ ಒರೆಸಿದರು.
"ಬೋನಿ ಅಂತ ಒಬ್ಬ ಇದ್ದ, ನನ್ನ ಪಕ್ಕದ ಚಕ್ರದಲ್ಲಿ.
ಗಾಜು ಒಡೆಯೋ ಮುಂಚೆ ಒಂದು ಸದ್ದೂ ಮಾಡ್ಲಿಲ್ಲ.
ನನಗೆ ಕಿವಿ ಹೋಯ್ತು. ಅವನಿಗೆ ಎರಡೂ ಕಣ್ಣು.
ಎಷ್ಟಕ್ಕಾದರೂ ಬಿಡು ನೀನು.
ಬಿಡೋ ಮೊದಲು ಕೂಗಲಿ."

ಕೂಗಿಸಿದೆ. ವಾಲ್ವಿನ ಅಂಚಿಗೆ ಓರೆಯಾಗಿ ಒಂದು ಸೀಳು.
ಆರು ಬಾರಿಗೇ ಶುರು ಆ ಸದ್ದು:
ಪೀಪಿಯಲ್ಲ, ಸಿಳ್ಳೆಯಲ್ಲ,
ಮೂಗು ಕಟ್ಟಿದ ಕೂಸು ನಿದ್ದೆಯಲ್ಲಿ ಗೊಣಗುವಂಥದ್ದು.
ಬೇಕೆಂದೇ ತಗ್ಗು ಸ್ವರದಲ್ಲಿಟ್ಟೆ.
ಮೇಸ್ತ್ರಿ ಬಲಗಿವಿ ತಿರುಗಿಸಿ "ಇನ್ನೊಂದ್ಸಲ" ಅಂದರು.
ಇನ್ನೊಂದ್ಸಲ.
ಐದು ಬಾಟಲಿ ನಲ್ಲಿನೀರು ಹೀಗೇ ಗೊಣಗಿಸಿ ಮುಗಿಸಿದೆವು.
ತುಂಗಾಪಾನ ಅನ್ನುತ್ತಾರೆ, ಆ ಗಾದೆ ಕಟ್ಟಿದವರಿಗೆ
ಗುಳ್ಳೆಯ ಲೆಕ್ಕ ಗೊತ್ತಿರಲಿಲ್ಲ.

ನಿಂಬೆ ಹಿಂಡಿ, ಉಪ್ಪು ಹಾಕಿ ಲೋಟ ಕೊಟ್ಟೆ.
ನಲವತ್ತು ವರ್ಷದಿಂದ ಸೋಡಾ ಮುಟ್ಟಿದವರಲ್ಲ,
ಅವತ್ತೂ ಕುಡಿಯಲಿಲ್ಲ.
ಒದ್ದೆ ತುಟಿಯನ್ನು ಲೋಟದ ಮೇಲೆ ಸುಮ್ಮನೆ ಹಿಡಿದರು,
ಹಾರುವ ಹನಿ ಬಂದು ತಾಗುವವರೆಗೆ.
"ಬರ್ತಾ ಇದೆ" ಅಂದರು.
ಆಮೇಲೆ ಲೋಟ ನನ್ನ ಕಡೆ ಸರಿಸಿ,
"ನಾಳೆಗೆ ಬುಷ್ಷು ಹದಿನಾರು ಇದೆ. ಲೇತಿಗೆ ಎಣ್ಣೆ ಬಿಟ್ಟೆಯಾ?"